ರಕ್ತದ ರಿಪೋರ್ಟ್ ಕೇಳಿಕೊಂಡು ಬಂದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ನನ್ನ ಬಳಿ ಬಂದ ಮಹಿಳೆ. ವಯಸ್ಸು 38, ಬ್ಯಾಂಕಿನಲ್ಲಿ ಕೆಲಸ. ಮಗನಿಗೆ ಆಟಿಸಂ (ಜನರೊಡನೆ ಬೆರೆಯುವ, ಸದ್ದು-ಬದಲಾವಣೆ ತಾಳುವ ರೀತಿ ಬಾಲ್ಯದಿಂದಲೇ ಬೇರೆಯಾಗಿರುವ ಸ್ಥಿತಿ) ಎಂದು ಗೊತ್ತಾದ ಮೇಲೆ ಆ ಬಗ್ಗೆ ಓದುತ್ತಾ ಓದುತ್ತಾ ಅಲ್ಲಿ ತಮ್ಮನ್ನೇ ಕಂಡರು. ಮನೆಯಲ್ಲಿ ಹೇಳಿದರೆ ಗಂಡ, "ನೌಕರಿ ಮಾಡ್ತಿ, ಮನಿ ನಡಸ್ತಿ, ನಿನಗೆಲ್ಲಿ ಆಟಿಸಂ?" ಅಂದರಂತೆ.

ಮೇಜಿನ ಮೇಲೆ ಒಂದು ಫೈಲ್ ಇಟ್ಟರು. ಸಂಶೋಧನಾ ಲೇಖನಗಳ ಪ್ರಿಂಟು. 'ಮೆಥಿಲೇಷನ್' ಎಂಬ ಪದ ಬಂದಲ್ಲೆಲ್ಲ ಸ್ಕೇಲ್ ಇಟ್ಟು ಎಳೆದ ಹಸಿರು ಗೆರೆ.

"ಮೇಡಂ, ರಕ್ತದಾಗನ ಗೊತ್ತಾಗ್ತದಂತ್ರಿ. ಆ ಟೆಸ್ಟ್ ಎಲ್ಲಿ ಮಾಡ್ತಾರ ಹೇಳ್ರಿ, ಎಷ್ಟ ರೊಕ್ಕ ಆದ್ರೂ ಕೊಡ್ತೀನಿ."

ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ ಎಂದು ನೇರವಾಗಿಯೇ ಹೇಳಿದೆ. ಹುಡುಕಾಟ ನಡೆದಿರುವುದು ನಿಜ. ಡಿಎನ್‌ಎಯ ಅಕ್ಷರಗಳು ಹಾಗೇ ಇದ್ದು, ಅವುಗಳ ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಕೂತು ಜೀನ್‌ನ ಕೆಲಸ ಹೆಚ್ಚುಕಡಿಮೆಯಾಗುತ್ತದೆ; ಇದೇ ಮೆಥಿಲೇಷನ್. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಟಿಸಂ ಇರುವ 796 ಮತ್ತು ಇಲ್ಲದ 858 ಮಕ್ಕಳ ರಕ್ತದಲ್ಲಿ ಈ ಗುರುತುಗಳನ್ನು ಹೋಲಿಸಿತು. ಎರಡು ಗುಂಪುಗಳ ನಡುವಿನ ವ್ಯತ್ಯಾಸ ಕಟ್ಟುನಿಟ್ಟಿನ ಲೆಕ್ಕಕ್ಕೆ ನಿಲ್ಲುವ ಒಂದೇ ಒಂದು ಜಾಗವೂ ಡಿಎನ್‌ಎಯಲ್ಲಿ ಸಿಗಲಿಲ್ಲ. ವಯಸ್ಕರಲ್ಲಿ ತೊಡಕು ಇನ್ನೂ ಹೆಚ್ಚು: ವಯಸ್ಸು, ಸಿಗರೇಟು ಈ ಗುರುತುಗಳನ್ನು ಬದಲಿಸುತ್ತವೆ; ಜ್ವರ ಬಂದು ಬಿಳಿರಕ್ತಕಣಗಳ ಪ್ರಮಾಣ ಏರುಪೇರಾದರೂ ಫಲಿತಾಂಶ ಬೇರೆಯಾಗುತ್ತದೆ. ಅದೂ ಅಲ್ಲದೆ, ರಕ್ತದಲ್ಲಿ ಕಂಡದ್ದು ಮಿದುಳಿನಲ್ಲೂ ಹಾಗೇ ಇರಬೇಕೆಂದಿಲ್ಲ.

ಅವರು ಫೈಲ್ ಮುಚ್ಚಿದರು. "ಹಂಗಾರ ನನ್ನ ಮಾತು ಯಾರ್ ನಂಬ್ತಾರ್ರಿ?"

ಆ ಫೈಲಿನೊಳಗಿದ್ದ ಸಂಕಟ ನನಗೆ ಕಂಡದ್ದು ಆಗ. ಶುಗರ್ ರಿಪೋರ್ಟ್ ನಂಬುವ ಮನೆಯಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು.

ನಾನು ಕೊಟ್ಟ ಸಲಹೆ ಇಷ್ಟು. ವಯಸ್ಕರಲ್ಲಿ ಆಟಿಸಂ ಗುರುತಿಸುವುದು ಬಾಲ್ಯದ ಚರಿತ್ರೆಯನ್ನೂ ಇಂದಿನ ಬದುಕನ್ನೂ ಕೂಡಿಸಿ ನೋಡಿ. ಆದ್ದರಿಂದ ನಿಮ್ಮ ಅವ್ವನನ್ನು ಕರೆದುಕೊಂಡು ಬನ್ನಿ, ಹಳೆಯ ಶಾಲಾ ಪ್ರಗತಿಪತ್ರ ಇದ್ದರೆ ತನ್ನಿ. ಮೊಬೈಲಿನಲ್ಲಿ ನೀವು ತುಂಬಿದ 50 ಪ್ರಶ್ನೆಗಳ ಆಟಿಸಂ ಪ್ರಶ್ನಾವಳಿಯ ಅಂಕ ಒಂದು ಸುಳಿವು ಮಾತ್ರ. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಇಬ್ಬರನ್ನೂ ಕಾಣಿ. ಆತಂಕ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ), ನಿದ್ದೆಯ ತೊಂದರೆಯನ್ನೂ ಅವರು ನೋಡಲಿ. ಟೆಸ್ಟಿಗೆಂದು ತೆಗೆದಿಟ್ಟ ಹಣ ಮಗನ ಥೆರಪಿಗೆ ಇರಲಿ. ನೆಮ್ಮದಿಗೆ ಮಾತ್ರ ಯಾವ ರಿಪೋರ್ಟಿಗೂ ಕಾಯಬೇಡಿ: ಕೌಂಟರಿನ ಗದ್ದಲ ತಡೆಯಲಾಗದಿದ್ದರೆ ಒಳಗಿನ ಮೇಜು ಕೇಳಿ, ಮನೆಗೆ ಬಂದ ಕೂಡಲೇ ಇಪ್ಪತ್ತು ನಿಮಿಷ ಬಾಗಿಲು ಹಾಕಿಕೊಂಡು ಒಬ್ಬರೇ ಕೂತುಕೊಳ್ಳಿ.

ಮುಂದಿನ ವಾರ ಅವ್ವ ಬಂದರು. ಗಂಡನೂ ಬಂದಿದ್ದರು.

"ಮನಿಗೆ ಮಂದಿ ಬಂದ್ರ ಅಟ್ಟ ಹತ್ತಿ ಕುಂಡ್ರಾಕಿ ಇಕಿ," ಅಂದರು ಅವ್ವ. "ಹುಣಸಿ ಬೀಜ ಸಾಲಾಗಿ ಇಡಾಕಿ. ಒಂದು ಸರಿಸಿದ್ರ ಸಂಜಿತನಕ ಅಳು."

ಗಂಡ ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಅವರ ಮಗ ಆಟಿಕೆ ಕಾರುಗಳನ್ನು ಗೋಡೆಯುದ್ದಕ್ಕೂ ಹಾಗೆಯೇ ಇಡುತ್ತಾನೆ. ಅವ್ವ ಹೇಳಿದ್ದನ್ನು ಅವರ ಮಾತಿನಲ್ಲೇ ಮನೋವೈದ್ಯರಿಗೆ ಕೊಡುವ ಪತ್ರದಲ್ಲಿ ಬರೆದೆ.