ಇಂಜೆಕ್ಷನ್ ಆಮೇಲೆ, ಮೊದಲು ಕಾಲು ನೋಡೋಣ

ಪ್ರಶ್ನೆ: ತಂದೆಗೆ 64 ವರ್ಷ, ಶುಗರ್ ಇದೆ. ಹೆಬ್ಬೆರಳ ಬುಡದ ಗಾಯ ಐದು ತಿಂಗಳಾದರೂ ಮಾಯ್ದಿಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಹಾಕಿದರೆ ಗ್ಯಾರಂಟಿ ಅಂತ ಒಂದು ಕ್ಲಿನಿಕ್‌ನವರು ಮೂರು ಲಕ್ಷ ಕೇಳುತ್ತಿದ್ದಾರೆ. ಮಾಡಿಸಬಹುದಾ?

ಉತ್ತರ: ಬೇಡ. ಇಂಥ ಪತ್ರಗಳಲ್ಲಿ ಇಂಜೆಕ್ಷನ್ ರೇಟು ತಪ್ಪದೆ ಇರುತ್ತದೆ, ಕಾಲಿಗೆ ರಕ್ತ ಹರಿಯುತ್ತಿದೆಯಾ ಅನ್ನೋದು ಇರುವುದೇ ಇಲ್ಲ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ದೀರಾ? ಸೋಂಕು ಮೂಳೆಗೆ ಇಳಿದಿದೆಯಾ ಅಂತ ಎಕ್ಸ್‌ರೇ ತೆಗೆಸಿದ್ದೀರಾ? ಅವರು ಈಗಲೂ ಅದೇ ಕಾಲೂರಿ ಓಡಾಡುತ್ತಿದ್ದಾರಾ?

ಹೋದ ವಾರ ಒಬ್ಬರ ಪಟ್ಟಿ ಬಿಚ್ಚಿದೆ. ಗಾಯದ ಸುತ್ತ ಬಿಳೀ ಜಡ್ಡು. ಅವರ ಹವಾಯಿ ಚಪ್ಪಲಿಯಲ್ಲೂ ಸರಿಯಾಗಿ ಅದೇ ಜಾಗದಲ್ಲಿ ಒಂದು ಗುಳಿ. ಶುಗರ್‌ನಿಂದ ಸ್ಪರ್ಶ ಹೋದ ಕಾಲು ನೋಯುವುದಿಲ್ಲ, ಹಾಗಾಗಿ ಸುಮ್ನೆ ನಡೆಯುತ್ತಾರೆ. ಅಲ್ಲಿ ಎಂಥ ಸೆಲ್ ಹಾಕಿದರೂ ಹೆಜ್ಜೆ ಹೆಜ್ಜೆಗೂ ಅರೆದುಹೋಗುತ್ತದೆ. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡ್ ಹೀಗೇ ಸ್ಪರ್ಶ ಹೋದ ಕುಷ್ಠರೋಗಿಗಳ ಕಾಲಿಗೆ, ಗಾಯದ ಮೇಲೆ ಭಾರ ಬೀಳದಂತೆ ಪ್ಲಾಸ್ಟರ್ ಹಾಕಿ ಹುಣ್ಣು ಮಾಯಿಸುತ್ತಿದ್ದರು. ಶುಗರ್ ಕಾಲಿಗೂ ಇದೇ ದಾರಿ. ರಕ್ತ ಹರಿಯುತ್ತಿದ್ದು ಸೋಂಕಿಲ್ಲದಿದ್ದರೆ ಸತ್ತ ಚರ್ಮ ತೆಗೆಸಿ, ಭಾರ ತಪ್ಪಿಸಿ, ನಾಲ್ಕು ವಾರ ನೋಡಿ. ಗಾಯ ಅರ್ಧಕ್ಕೆ ಇಳಿಯದಿದ್ದರೆ ಬೇರೆ ಚಿಕಿತ್ಸೆಯ ಮಾತು.

ಸ್ಟೆಮ್ ಸೆಲ್ ವಿಜ್ಞಾನ ಸುಳ್ಳಲ್ಲ. ಮೂಳೆಮಜ್ಜೆಯಿಂದ ತೆಗೆದ ಈ ಕೋಶಗಳು ತಾವೇ ಚರ್ಮವಾಗುವುದಕ್ಕಿಂತ ಜಾಸ್ತಿ ಸುತ್ತಲಿನ ಕೋಶಗಳಿಗೆ ಸಂಕೇತ ಕೊಡುತ್ತವೆ. ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಬೆಂಗಳೂರಿನಲ್ಲೇ ತಯಾರಾದ ಸ್ಟೆಂಪ್ಯೂಸೆಲ್ ಎಂಬ ಸ್ಟೆಮ್ ಸೆಲ್ ಔಷಧಿಗೆ 2016ರಲ್ಲಿ ಸೀಮಿತ ಒಪ್ಪಿಗೆ ಸಿಕ್ಕಿತು. ಆದರೆ 2016ರ ಆ ಒಪ್ಪಿಗೆ ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತನಾಳ ಕಟ್ಟಿಹೋದವರಿಗೆ. ಬೀಡಿ, ಸಿಗರೇಟು ಸೇದುವವರನ್ನು ಕಾಡುವ ಕಾಯಿಲೆ ಅದು. ಕಂಡ ಕಂಡ ಶುಗರ್ ಗಾಯಕ್ಕಲ್ಲ.

ಒಪ್ಪಿಗೆ ಇಲ್ಲದ ಬಳಕೆಯನ್ನು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಯೋಗ ಅಂತಲೇ ಕರೆಯುತ್ತದೆ. ಪ್ರಯೋಗಕ್ಕೆ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆ ಪಟ್ಟಿ) ನೋಂದಣಿ ಬೇಕು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಆ ನಂಬರ್ ಕೇಳಿ ನೋಡಿ. ಪ್ರಯೋಗವನ್ನು ಗ್ಯಾರಂಟಿ ಅಂತ ಮಾರುವವರು ಕಾಲು ಉಳಿಸುವ ವೈದ್ಯರಲ್ಲ. ಆ ಮೂರು ಲಕ್ಷಕ್ಕಿಂತ ಇಂಜೆಕ್ಷನ್ ನಂಬಿ ಕಾದು ಕೈತಪ್ಪಿದ ಎರಡು ತಿಂಗಳೇ ದೊಡ್ಡ ನಷ್ಟ. ಆ ಎರಡು ತಿಂಗಳಲ್ಲಿ ಬೆರಳು ಕಪ್ಪಾದವರನ್ನು ನೋಡಿದ್ದೇನೆ.

ಪ್ರಶ್ನೆ: ಪಿಆರ್‌ಪಿ ಅಂದರೂ ಸ್ಟೆಮ್ ಸೆಲ್ಲೇ ಅಲ್ವಾ?

ಉತ್ತರ: ಅಲ್ಲ, ಅದು ನಿಮ್ಮದೇ ರಕ್ತದ ಪ್ಲೇಟ್‌ಲೆಟ್.

ಪ್ರಶ್ನೆ: ಗಾಯಕ್ಕೆ ಕಾಫಿಪುಡಿ ತುಂಬಿದ್ದೇವೆ, ಪರವಾಗಿಲ್ವಾ?

ಉತ್ತರ: ಇವತ್ತೇ ಆಸ್ಪತ್ರೆಗೆ ಹೋಗಿ ತೊಳೆಸಿ. ಕಾಲನ್ನು ನೆಲಕ್ಕೆ ಊರಿಸದೆ ಕರೆದುಕೊಂಡು ಹೋಗಿ.