ಹರಿವೆ ಸೊಪ್ಪಿನಲ್ಲಿ ನಿಜಕ್ಕೂ ಅಷ್ಟೊಂದು ಸತ್ವ ಇದೆಯಾ?

ಖಂಡಿತ ಇದೆ. ನಮ್ಮ ತೀರ್ಥಹಳ್ಳಿ ಕಡೆ ಹಿತ್ತಲಲ್ಲಿ ಸುಮ್ನೆ ಬೀಜ ಚೆಲ್ಲಿದರೂ ಬರುವ ಸೊಪ್ಪು ಅಂತ ಅಸಡ್ಡೆ ಮಾಡಬೇಡಿ. 100 ಗ್ರಾಂ ಹಸಿ ಎಲೆಯಲ್ಲಿ ಸುಮಾರು 215 ಮಿಲಿಗ್ರಾಂ ಕ್ಯಾಲ್ಸಿಯಂ, 40 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ, 2 ಮಿಲಿಗ್ರಾಂ ಮೇಲೆ ಕಬ್ಬಿಣ ಇರುತ್ತದೆ. ಕಣ್ಣಿಗೆ ಬೇಕಾದ ಬೀಟಾ ಕ್ಯಾರೋಟಿನ್ ಕೂಡ ಧಾರಾಳ. ಕ್ಯಾಲೊರಿ ಬರೀ 23.

ಆದರೆ ಇದರಲ್ಲಿ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ವಸ್ತು, ಜಾಸ್ತಿ. ಹಾಗಾಗಿ ಆ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್ ಕಡಿಮೆಯಾಗುತ್ತದೆ, ಜೊತೆಗೆ ವಿಟಮಿನ್ ಸಿ ಸಹ ಸ್ವಲ್ಪ ಹೋಗುತ್ತದೆ. ಅದಕ್ಕೇ ಪಲ್ಯ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಕಬ್ಬಿಣ ಚೆನ್ನಾಗಿ ದಕ್ಕುತ್ತದೆ.

ಕಿಡ್ನಿಯಲ್ಲಿ ಕಲ್ಲಾದವರು ಡಾಕ್ಟರನ್ನು ಕೇಳಿಯೇ ತಿನ್ನಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರೂ ಅಷ್ಟೇ, ರಕ್ತ ಹೆಪ್ಪುಗಟ್ಟಿಸುವ ವಿಟಮಿನ್ ಕೆ ಇದರಲ್ಲಿ ತುಂಬಾ ಇದೆ.

ಇನ್ನೊಂದು ಮಾತು. ದಂಟು ಎಸೆಯಬೇಡಿ. ಬಲಿತಿದ್ದರೆ ಹೊರಗಿನ ನಾರು ಸುಲಿದು, ಬೆರಳುದ್ದ ಹೆಚ್ಚಿ, ತೊಗರಿಬೇಳೆ ಹುಳಿಗೆ ಹಾಕಿ.