ಯಾವ ರೈಸ್, ಯಾವ ಬುಕಾನನ್?

ಪ್ರಶ್ನೆ: ನಮ್ಮೂರ ಶಾಸನಗಳ ಬಗ್ಗೆ ಕಿರುಹೊತ್ತಗೆ ಬರೆಯುತ್ತಿದ್ದೇನೆ. ಒಂದು ಕಡೆ ಬಿ. ಎಲ್. ರೈಸ್ ಎಂದಿದೆ, ಇನ್ನೊಂದು ಕಡೆ ಇ. ಪಿ. ರೈಸ್, ಮತ್ತೊಂದು ಕಡೆ ಬರೀ ರೈಸ್. ಮೂವರೂ ಒಬ್ಬರೇನಾ? ಅಡಿಟಿಪ್ಪಣಿ ಹೇಗೆ ಹಾಕಲಿ?
— ಓದುಗರೊಬ್ಬರು, ಶಿಕಾರಿಪುರ

ಉತ್ತರ: ಒಬ್ಬರಲ್ಲ, ಒಂದೇ ಮನೆಯವರು. ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ. ಮಗ ಬೆಂಜಮಿನ್ ಲೂಯಿಸ್ ರೈಸ್ (1837–1927) ಶಾಸನಗಳನ್ನು ಸಂಪಾದಿಸಿದವರು. ಇನ್ನೊಬ್ಬ ಮಗ ಎಡ್ವರ್ಡ್ ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ತಂದೆ ಮಗ ಇಬ್ಬರೂ 'ಬಿ. ರೈಸ್' ಆಗಿಬಿಡುವುದರಿಂದ 'ಲೂಯಿಸ್' ಎಂಬುದನ್ನು ಬಿಡಬೇಡಿ.

ನಿಮ್ಮ ಜಿಲ್ಲೆಯ ಶಾಸನಗಳು ಲೂಯಿಸ್ ರೈಸ್ ಸಂಪಾದಿಸಿದ ಶಾಸನಮಾಲೆ 'ಎಪಿಗ್ರಾಫಿಯ ಕರ್ನಾಟಿಕ'ದ (ಎ.ಕ.) ಎರಡು ಸಂಪುಟಗಳಲ್ಲಿವೆ. 7ನೆಯದರಲ್ಲಿ (1902) ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. 8ನೆಯದರಲ್ಲಿ (1904) ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆಗೆ ಸೇರಿವೆ. ಹೊಸನಗರ ತಾಲ್ಲೂಕಿನದನ್ನು 'ನಗರ' ಎಂಬಲ್ಲಿ ಹುಡುಕಿ, ಹುಂಚದ ಶಾಸನಗಳೂ ಅಲ್ಲೇ ಸಿಗುತ್ತವೆ. ಇಂದಿನ ತಾಲ್ಲೂಕಿನ ಹೆಸರು ಹಿಡಿದು ಹೊರಟರೆ ಶಾಸನವೇ ಇಲ್ಲವೆಂದು ತಿಳಿದುಬಿಡುತ್ತೀರಿ.

ಅಡಿಟಿಪ್ಪಣಿಯಲ್ಲಿ ಪುಟಸಂಖ್ಯೆಗಿಂತ ತಾಲ್ಲೂಕು ಮತ್ತು ಶಾಸನದ ಸಂಖ್ಯೆ ಮುಖ್ಯ. ಒಂದೇ ಶಾಸನ ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ, ಕನ್ನಡ ಲಿಪಿಯಲ್ಲಿ ಬೇರೆಬೇರೆ ಕಡೆ ಅಚ್ಚಾಗಿದೆ. ತಾಳಗುಂದದ ಕದಂಬ ಸ್ತಂಭಶಾಸನವನ್ನು ಹೀಗೆ ಬರೆಯಿರಿ: ಬಿ. ಲೂಯಿಸ್ ರೈಸ್ (ಸಂ.), ಎ.ಕ. 7 (1902), ಶಿಕಾರಿಪುರ 176. ಇಸವಿ ಖಂಡಿತ ಬೇಕು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಮಾಲೆಯಲ್ಲಿ 7ನೆಯ ಸಂಪುಟ ಮಂಡ್ಯ ಸೀಮೆಯದು, ಬರೀ 'ಎ.ಕ. 7' ಎಂದರೆ ಓದುಗರು ನಾಗಮಂಗಲದ ಶಾಸನಗಳಲ್ಲಿ ತಾಳಗುಂದವನ್ನು ಹುಡುಕಬೇಕಾದೀತು.

ಪ್ರಶ್ನೆ: ಇಕ್ಕೇರಿ, ಬಿದನೂರು ನೋಡಿ ಬರೆದ ಬುಕಾನನ್ ಯಾರು? ಗ್ರಂಥಾಲಯದ ಪಟ್ಟಿಯಲ್ಲಿ ಸಿಗುತ್ತಿಲ್ಲ.
— ಓದುಗರೊಬ್ಬರು, ಸಾಗರ

ಉತ್ತರ: ಅವರು ವೈದ್ಯ ಫ್ರಾನ್ಸಿಸ್ ಬುಕಾನನ್ (1762–1829). 1800–01ರ ಪ್ರವಾಸದ ವರದಿ ಲಂಡನ್ನಿನಲ್ಲಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ ಅವರು ಹ್ಯಾಮಿಲ್ಟನ್ ಎಂಬ ಹೆಸರು ತಳೆದದ್ದರಿಂದ 'ಹ್ಯಾಮಿಲ್ಟನ್, ಫ್ರಾನ್ಸಿಸ್' ಎಂದೂ ಹುಡುಕಿ ನೋಡಿ. ಅದೇ ಕಾಲದ ಕ್ಲಾಡಿಯಸ್ ಬುಕಾನನ್ (1766–1815) ಕಲ್ಕತ್ತೆಯ ಪಾದ್ರಿ. ಮಲೆನಾಡಿನ ಅಡಿಕೆ, ಮೆಣಸಿನ ವಿವರ ಬೇಕಾದವರು ಈ ಪಾದ್ರಿಯ ಪುಸ್ತಕ ತರಿಸಿ ಪ್ರಯೋಜನವಿಲ್ಲ.